ಬಲಕ್ಕೆ ಕೆಂಪು ಗೀಟು

“ಇವನ್ನ ಯಾರು ಹಿಂಗ ಇಟ್ರು?”

ಕಾಶೀಬಾಯಿ ಮನಿ ಪ್ಲಾಂಟಿನ ಪಾಟನ್ನು ಎತ್ತಿ ಹಿಡಿದು ಅದರ ಬುಡ ತೋರಿಸಿದರು. ಮಣ್ಣಿನ ಪಾಟಿನ ಬುಡಕ್ಕೆ ಕರ್ರನೆಯ ಜಿಡ್ಡು ಅಂಟಿತ್ತು. ಗಂಡ ಹೋದಾಗಿನಿಂದ ಒಂದು ಹನಿ ಕಣ್ಣೀರೂ ಬಾರದೆ ಒಣಗಿ ಕೂತಿದ್ದ ಮುಖದಲ್ಲಿ ಇವತ್ತು ಮೊದಲ ಸಲ ಸಿಟ್ಟು ಕಾಣಿಸಿತು. ಸಾವಿನ ಮನೆಯಾದರೇನು, ಮನೆ ನಡೆಸಿದ ಹೆಂಗಸಿನ ಕಣ್ಣಿಗೆ ಜಿಡ್ಡು ಜಿಡ್ಡೇ.

ಇನ್‌ಸ್ಪೆಕ್ಟರ್ ಸುಜಾತಾ ಬಾಗಿಲ ಹತ್ತಿರದ ಕುರ್ಚಿಯಿಂದ ಎದ್ದು ಬಂದಳು. “ಏನಾತ್ರೀ ಕಾಕೂ?”

“ಸೂತಕ ಅಂತ ಇಷ್ಟ ದಿನ ಗಿಡಕ್ಕ ನೀರ ಹಾಕಿದ್ದಿಲ್ಲ. ಇವತ್ತ ಹಾಕೋಣಂತ ಪಾಟ್ ಎತ್ತಿದ್ರ, ನೋಡಿಲ್ಲೆ. ಕಲ್ಲು ತಿರುವಿ ಇಟ್ಟಾರ. ಮೂರೂ ಕಲ್ಲು!”

ಪಡಸಾಲೆಯ ಕಿಟಕಿಯ ಕಟ್ಟೆಯ ಮೇಲೆ ಆ ಮೂರು ಕಲ್ಲುಗಳು ಸಾಲಾಗಿ ನಿಂತಿದ್ದವು. ಗೇಣುದ್ದ, ತಂಬಿಗೆಯಷ್ಟು ದಪ್ಪ, ಕಡೆದು ತೆಗೆದಂತೆ ದುಂಡಗೆ. ಎಣ್ಣೆಬಾವಿ ಕೊರೆಯುವಾಗ ಭೂಮಿಯ ಹೊಟ್ಟೆಯೊಳಗಿನಿಂದ ಹೀಗೇ ಉರುಳೆಯಾಗಿ ಕಲ್ಲು ತೆಗೆಯುತ್ತಾರೆ. ಕಾಶೀಬಾಯಿಯ ಗಂಡ ಪ್ರೊಫೆಸರ್ ಯಜ್ಞೇಶ್ವರರು, ಎಣ್ಣೆ ಸಿಗುವ ತಾರ್ಖಾನ ದೇಶದ ಕೊನೆಯ ಪ್ರವಾಸದಿಂದ ಬರುವಾಗ ಹೆಂಡತಿಗೆ ಸೀರೆ ತರಲಿಲ್ಲ, ಈ ಕಲ್ಲುಗಳನ್ನು ತಂದಿದ್ದರು. ಒಂದೊಂದು ಕಲ್ಲಿಗೂ ಒಂದು ತುದಿ ಎಣ್ಣೆ ಕುಡಿದು ಕಪ್ಪಾಗಿತ್ತು. ಇನ್ನೊಂದು ತುದಿ ನೀರು ನುಗ್ಗಿ ಬಿಳಿಚಿಕೊಂಡಿತ್ತು.

“ಬ್ಯಾಸಗ್ಯಾಗ ಈ ಕಲ್ಲು ಬೆವರ್ತಾವ ಸುಜಾತಾ. ಅದಕ್ಕ ನಾ ಯಾವಾಗಲೂ ಬಿಳೇದು ಮ್ಯಾಲ ಮಾಡಿ, ಅದರ ಮ್ಯಾಲ ಪಾಟ್ ಇಡ್ತೇನಿ. ಆ ಗೀಟು ಇದ್ದ ಮಗ್ಗಲಾ ಕಿಟಕಿ ಸರಳಿನ ಕಡೆ ಇರ್ತದ. ಲಾರಿ ಹಿಂದಿನ ಪಟ್ಟಿ ಇದ್ದಂಗ ಅವ ಆ ಗೀಟು, ಬಂದವರಿಗೆ ಯಾಕ ಕಾಣಬೇಕು? ಈಗ ನೋಡು, ಕರೇದು ಮ್ಯಾಲ, ಗೀಟು ಮುಂದ.”

ಸುಜಾತಾ ಮೆಟ್ಟಿಲ ಕಡೆ ತಿರುಗಿ ನೋಡಿದಳು.

ಪ್ರೊಫೆಸರ್ ಇದೇ ಪಡಸಾಲೆಯಲ್ಲಿ, ಮಾಳಿಗೆಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದರು. ಜಾರಿ ಬಿದ್ದರೆಂದು ಧಾರವಾಡದ ಸಪ್ತಾಪುರ ಓಣಿಯೆಲ್ಲ ನಂಬಿತ್ತು. ತಲೆಯ ಗಾಯ ಮೆಟ್ಟಿಲಿನ ಅಂಚಿನದಲ್ಲ, ದುಂಡಗಿನ ಭಾರದ ವಸ್ತುವಿನದು ಎಂದು ವೈದ್ಯರು ಬರೆದುಕೊಟ್ಟದ್ದು ನಿನ್ನೆ.

ಅವಳು ಮೊಬೈಲ್ ತೆಗೆದು ಅವತ್ತಿನ ಫೋಟೋಗಳನ್ನು ನೋಡಿದಳು. ಮೆಟ್ಟಿಲು, ರಕ್ತ, ಮುರಿದ ಕನ್ನಡಕ. ಹಿಂದೆ ಕಿಟಕಿ. ಕಿಟಕಿಯಲ್ಲಿ ಮೂರೂ ಕಲ್ಲು, ಕಪ್ಪು ತುದಿ ಮೇಲೆ. ಒಂದೊಂದರ ಮೈಮೇಲೂ ಎರಡು ಉದ್ದ ಗೀಟು. ಕಪ್ಪು ಗೀಟು ಎಡಕ್ಕೆ, ಕೆಂಪು ಗೀಟು ಬಲಕ್ಕೆ.

“ಕಾಕೂ, ಆ ಪಾಟ್ ಕೆಳಗ ಇಡ್ರಿ. ಕಲ್ಲು ಮುಟ್ಟಬ್ಯಾಡ್ರಿ.”

ಸುಜಾತಾ ಪೊಲೀಸ್ ಪರೀಕ್ಷೆ ಕಟ್ಟುವ ಮುಂಚೆ ಭೂವಿಜ್ಞಾನ ಓದಿದವಳು, ಇದೇ ಯಜ್ಞೇಶ್ವರರ ಕೈಯಲ್ಲಿ. ಅವರು ಕಲಿಸಿದ ಮೊದಲ ಪಾಠ ಅವಳಿಗೆ ಈಗಲೂ ಬಾಯಿಪಾಠ. ಬಾವಿಯಿಂದ ಬಂದ ಕಲ್ಲಿಗೆ ತಕ್ಷಣ ಎರಡು ಗೀಟು ಎಳೆಯಬೇಕು. ಕಲ್ಲು ಭೂಮಿಯೊಳಗೆ ಹೇಗೆ ನಿಂತಿತ್ತೋ ಹಾಗೇ, ಎಣ್ಣೆ ಮೇಲೆ ನೀರು ಕೆಳಗೆ, ನಿಲ್ಲಿಸಿದರೆ ಕೆಂಪು ಬಲಕ್ಕೆ ಬರಬೇಕು. ಎಡಕ್ಕೆ ಬಂದರೆ ಕಲ್ಲು ತಲೆಕೆಳಗಾಗಿದೆ ಎಂದರ್ಥ. ಎಣ್ಣೆಬಾವಿಯ ಶೆಡ್ಡಿನಲ್ಲಿ ನಾಲ್ಕು ದಿನ ದುಡಿದವನ ಕೈಗೂ ಇದು ಅಂಟಿಬಿಡುತ್ತದೆ. ತಲೆಕೆಳಗಾದ ಕಲ್ಲು ಕಂಡರೆ ಆ ಕೈ ಸುಮ್ಮನಿರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕೆಲಸ ಕಲಿಸಿದ ಗುಣವೂ ಹಾಗೇ.

ಪ್ರೊಫೆಸರರು ಮಾತ್ರ ಮನೆಯಲ್ಲಿ ಆ ನಿಯಮ ಮುರಿದಿದ್ದರು. ಹೆಂಡತಿ ಕಲ್ಲು ತಿರುವಿ ಇಟ್ಟದ್ದನ್ನು ಒಂದು ದಿನವೂ ಸರಿಪಡಿಸಲಿಲ್ಲ. “ಯುನಿವರ್ಸಿಟ್ಯಾಗ ಭೂಮಿ ನನ್ನ ಮಾತು ಕೇಳ್ತದ, ಮನ್ಯಾಗ ಆಕೀ ಮಾತು ಕೇಳ್ತದ” ಎಂದು ನಗುತ್ತಿದ್ದರು.

ಎಷ್ಟು ಸಲ ಈ ಕಿಟಕಿಯ ಮುಂದೆ ಓಡಾಡಿದ್ದಳು! ಕಲ್ಲುಗಳು ಇರಬೇಕಾದ ಹಾಗೇ ಇದ್ದವು, ಅದಕ್ಕೇ ಅವಳ ಕಣ್ಣು ಎಡವಲಿಲ್ಲ. ಸರಿಯಾಗಿ ಇದ್ದದ್ದೇ ತಪ್ಪು ಎಂದು ಯಾರಿಗೆ ಹೊಳೆಯಬೇಕು!

ಅವಳು ಬಗ್ಗಿ ನೋಡಿದಳು. ಮೂರೂ ಕಲ್ಲು ಸ್ವಚ್ಛ. ಕಿಟಕಿಯ ಸರಳುಗಳ ಮೇಲೆ ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು, ಕಲ್ಲಿನ ಮೇಲೆ ಈಚೆಗೆ ಕೂತ ತೆಳ್ಳನೆಯ ಪುಡಿ ಮಾತ್ರ. ಯಾರೋ ಒಂದು ಕಲ್ಲಿನಿಂದ ಹೊಡೆದಿದ್ದಾರೆ. ಅದನ್ನು ತೊಳೆದಿದ್ದಾರೆ. ಒಂದೇ ತೊಳೆದಿಟ್ಟರೆ ಎದ್ದು ಕಾಣುತ್ತದೆಂದು ಉಳಿದೆರಡನ್ನೂ ತೊಳೆದಿದ್ದಾರೆ. ಅಷ್ಟು ಬುದ್ಧಿ ಓಡಿಸಿದ ತಲೆ, ಸಾಲಾಗಿ ಜೋಡಿಸುವಾಗ ಕೆಲಸವನ್ನು ಕೈಗೆ ಬಿಟ್ಟಿದೆ. ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿದೆ.

“ಕಾಕೂ, ಒಂದು ಮಾತು ನಿಮ್ಮ ಹೊಟ್ಟ್ಯಾಗ ಇರಲಿ,” ಸುಜಾತಾ ದನಿ ತಗ್ಗಿಸಿದಳು. “ಕರೇದು ಮ್ಯಾಲ ಮಾಡಿ ಇವನ್ನ ಯಾರು ಇಟ್ಟಾರೋ, ಅವತ್ತ ಸರ್ ಹತ್ರ ಇದ್ದವರು ಅವರ.”

ಕಾಶೀಬಾಯಿ ಕಲ್ಲುಗಳನ್ನೇ ನೋಡಿದರು. ಅವತ್ತು ಅವರು ಹತ್ತಿರದ ಗರಗ ಊರಿಗೆ, ಅಕ್ಕನ ಬಾಣಂತಿ ಸೊಸೆಯನ್ನು ನೋಡಿ ಬರಲು ಹೋಗಿದ್ದರು. ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ನನಗ ಯಾರು ಅನ್ನೂದಕ್ಕಿಂತ ಇನ್ನೊಂದು ಮಾತು ತಿಳೀಬೇಕಾಗೇದ,” ಎಂದರು. “ಪೇಪರನ್ಯಾಗ ಬಂತಲ್ಲ, ಅವರು ಆ ಎಣ್ಣೀ ಪೈಪಿನ ರಿಪೋರ್ಟಿಗೆ ಸಹಿ ಮಾಡ್ಯಾರಂತ. ರೊಕ್ಕಾ ತಿಂದು ಸುಳ್ಳು ಬರದಾರಂತ ಓಣ್ಯಾಗ ಮಾತಾಡ್ಲಿಕ್ಕತ್ತಾರ. ನಾಳೆ ಹದಿಮೂರನೇ ದಿನ. ಅವರ ಹೆಸರಿಲೆ ಮಂದಿ ಎಲಿ ಮುಂದ ಕೂಡ್ರತಾರ. ಅವರು ಸುಳ್ಳು ಬರದು ಸತ್ತ್ರೋ, ಬರಿಯೂದಿಲ್ಲ ಅಂದದ್ದಕ್ಕ ಸತ್ತ್ರೋ? ಅಷ್ಟು ಹೇಳು ನನಗ. ನಾಳೆ ಬಡಸೂ ಮುಂದ ನನ್ನ ಕೈ ನಡಗಬಾರದು.”

“ನಾಳೆ ಒಳಗ ತಿಳಕೊಂಡು ಹೇಳ್ತೇನ್ರಿ ಕಾಕೂ,” ಎಂದಳು ಸುಜಾತಾ.

ಒಳಗಿನಿಂದ ಚಿನ್ಮಯೀ ಬಂದಳು. ಪ್ರೊಫೆಸರರ ಒಬ್ಬಳೇ ಮಗಳು, ಪುಣೆಯಲ್ಲಿ ಯಾವುದೋ ವಿಮೆ ಕಚೇರಿಯಲ್ಲಿ ಕೆಲಸ. ಅಪ್ಪನ ಸುದ್ದಿ ಕೇಳಿ ಮಾರನೆಯ ದಿನ ಬೆಳಿಗ್ಗೆ ಬಂದಿದ್ದಳು. ಅತ್ತು ಅತ್ತು ಕಣ್ಣು ಬಾತಿದ್ದವು. ಅವ್ವನ ಪಾಲಿನ ಅಳುವನ್ನೂ ತಾನೇ ಅತ್ತವಳು ಅವಳು.

“ಏನಾತಕ್ಕಾ?”

“ಏನಿಲ್ಲ. ಸರ್ ಕಲ್ಲು ಲ್ಯಾಬಿಗೆ ಕಳಿಸಬೇಕು.”

“ಕಳಿಸ್ರಿ. ಅಪ್ಪಂದು ಏನ ಅದ ಅದೆಲ್ಲಾ ಒಯ್ರಿ. ಆ ಕಲ್ಲಿನ ಭಾಷಾ ಅಪ್ಪಗ ಒಬ್ಬಂಗ ಗೊತ್ತಿತ್ತು. ನಾ ಕಾಮರ್ಸ್ ಓದಿದಾಕಿ,” ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಅವ್ವನ ಭುಜ ಹಿಡಿದು ಮೆಲ್ಲಗೆ ಒಳಗೆ ಕರೆದುಕೊಂಡು ಹೋದಳು.

ಪೇದೆ ಫಕೀರೇಶ ಮೂರೂ ಕಲ್ಲುಗಳನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಸೀಲು ಒತ್ತಿ ಜೀಪಿನಲ್ಲಿಟ್ಟು ಬಂದ.

“ಮೇಡಂ, ಮಿಲಿಂದ ಅವರನ್ನ ಕರ್ಕೊಂಡು ಬರ್ಲ್ಯಾ? ಎಣ್ಣೀ ಬಾವ್ಯಾಗ ಕೆಲಸ ಮಾಡಿದಾವ್ರು ಅವರೊಬ್ಬರ ಅದಾರ.”

“ಅಂವ ಹ್ಯಾಂಗ ಬರ್ತಾನೋ? ಕಾಲಿಗೆ ಪ್ಲಾಸ್ಟರ್ ಹಾಕ್ಯಾರ.”

ಮಿಲಿಂದ ಪ್ರೊಫೆಸರರ ಶಿಷ್ಯ, ಸುಜಾತಾಳ ಓರಗೆಯವನು, ತಾರ್ಖಾನದ ಬಾವಿಗಳಲ್ಲೇ ಎಂಜಿನಿಯರು. ರಜೆಗೆ ಬಂದವನು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ದಾರಿಗೆ ಸ್ಕೂಟರ್ ನುಗ್ಗಿಸಿ ಬಿದ್ದು, ಸಾವಿಗೂ ಎರಡು ದಿನ ಮುಂಚಿನಿಂದ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಾಲು ಮೇಲೆ ಕಟ್ಟಿಸಿಕೊಂಡು ಮಲಗಿದ್ದ. ಹೊಡೆದು ಹೋಗುವುದು ಹಾಗಿರಲಿ, ಬಚ್ಚಲಿಗೆ ಹೋಗಲೂ ಅವನಿಗೆ ಇಬ್ಬರು ಬೇಕಿತ್ತು.

ಉಳಿದವನು ಒಬ್ಬನೇ. ಪ್ರೊಫೆಸರರ ಸಹಿಗಾಗಿ ತಾರ್ಖಾನದ ಪೈಪ್‌ಲೈನ್ ಕಂಪನಿ ಕಳಿಸಿದ ಪ್ರತಿನಿಧಿ ರೋಹಿತ.

ಹುಟ್ಟಿದ್ದು ಧಾರವಾಡದ ಮಾಳಮಡ್ಡಿಯಲ್ಲಿ, ಬೆಳೆದದ್ದು ಮುಂಬೈಯಲ್ಲಿ. ಹುಬ್ಬಳ್ಳಿಯ ಹೋಟೆಲಿನಲ್ಲಿ ಠಿಕಾಣಿ ಹೂಡಿ ತಿಂಗಳಾಗಿತ್ತು. ತಾನು ವಕೀಲಿ ಓದಿದವನು, ಕರಾರುಪತ್ರದ ಮನುಷ್ಯ, ಕಲ್ಲಿಗೂ ಇಟ್ಟಿಗೆಗೂ ವ್ಯತ್ಯಾಸ ಗೊತ್ತಿಲ್ಲ ಎಂದು ಮೊದಲ ದಿನವೇ ಹೇಳಿದ್ದ. ಹೇಳುವುದಕ್ಕೇನು, ಹೆಗ್ಗಣವೂ ತಾನು ಏಕಾದಶಿ ಮಾಡುತ್ತೇನೆ ಅನ್ನಬಹುದು.

“ರೋಹಿತನ್ನ ಕರ್ಕೊಂಡು ಬಾ. ಠಾಣೆಗೆ ಬ್ಯಾಡ, ಇಲ್ಲೇ. ಬರೂ ಮುಂದ ನನ್ನ ಮೇಜಿನ ಮ್ಯಾಲಿನ ಕಲ್ಲು ತಗೊಂಡು ಬಾ.”

ಪ್ರೊಫೆಸರರು ತಂದಿದ್ದು ನಾಲ್ಕು ಕಲ್ಲು. ನಾಲ್ಕನೆಯದನ್ನು, ಸ್ವಲ್ಪ ಗಿಡ್ಡದನ್ನು, ಸುಜಾತಾಳಿಗೆ ಬಡ್ತಿ ಸಿಕ್ಕ ದಿನ ಠಾಣೆಗೆ ತಾವೇ ಬಂದು ಕೊಟ್ಟಿದ್ದರು. ಕಾಗದ ಹಾರದಂತೆ ಇಡಲು ಅವಳು ಅದನ್ನು ಬಳಸುತ್ತಿದ್ದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುಜಾತಾ ಕುಂಬಳಕಾಯಿಯ ಬದಲು ಕಲ್ಲು ಇಟ್ಟಳು. ಟೀಪಾಯಿಯ ಮೇಲೆ, ರೋಹಿತ ಕೂಡುವ ಕುರ್ಚಿಗೆ ಎದುರಾಗಿ, ಬಿಳಿಯ ತುದಿ ಮೇಲೆ ಮಾಡಿ. ಕೆಂಪು ಗೀಟು ಅವನ ಕಣ್ಣಿಗೆ ಎಡಕ್ಕೆ ಹೊಡೆಯುವಂತೆ.

ರೋಹಿತ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ದುಬಾರಿ ಗಡಿಯಾರ, ಸಾವಿನ ಮನೆಗೆ ಬೇಕಾದಷ್ಟೇ ತಗ್ಗಿಸಿದ ತಲೆ. ಒಳಬಾಗಿಲಿಗೆ ಪರದೆ ಬಿಟ್ಟಿತ್ತು. ಪರದೆಯ ಹಿಂದೆ, ಹೊಸ್ತಿಲ ಪಕ್ಕದಲ್ಲಿ, ಕಾಶೀಬಾಯಿ ಕೂತಿರುವುದು ಸುಜಾತಾಳಿಗೆ ಗೊತ್ತಿತ್ತು.

“ಕೂಡ್ರಿ. ನಿಮ್ಮ ಪೈಪಿನ ಕತಿ ಇನ್ನೊಮ್ಮೆ ಹೇಳ್ರಿ.”

“ಎಷ್ಟ ಸಲ ಹೇಳಬೇಕ್ರಿ ಮೇಡಂ?”

“ನಾ ಸ್ವಲ್ಪ ದಡ್ಡಿ. ತಿಳಿಯೂತನಾ ಹೇಳ್ರಿ.”

ರೋಹಿತ ನಿಟ್ಟುಸಿರು ಬಿಟ್ಟ. “ತಾರ್ಖಾನಕ್ಕ ಸಮುದ್ರ ಇಲ್ಲ. ನೆಲದಾಗ ಎಣ್ಣಿ ಅದ, ಹೊರಗ ಒಯ್ಯಲಿಕ್ಕೆ ದಾರಿ ಇಲ್ಲ. ಈಗ ಇರೋದು ಒಂದು ಹಳೇ ಪೈಪು, ಉತ್ತರದ ದೊಡ್ಡ ದೇಶದ ಮ್ಯಾಲೆ ಹಾದು ಹೋಗ್ತದ. ಅವರಿಗೆ ಸಿಟ್ಟು ಬಂದ್ರ ವಾಲ್ವ್ ತಿರುವತಾರ. ರೇಟು ಅವರು ಹೇಳಿದ್ದು. ಅದಕ್ಕ ದಕ್ಷಿಣದ ಕಡೆ ಹೊಸಾ ಪೈಪು. ಎರಡು ದೇಶ ದಾಟಿ ಬಂದರಿಗೆ, ಅಲ್ಲಿಂದ ಹಡಗಿನ್ಯಾಗ ನಮ್ಮ ಪಶ್ಚಿಮ ಕರಾವಳಿಗೆ.”

“ಆ ಎರಡು ದೇಶಕ್ಕ ಒಂದಕ್ಕೊಂದು ಆಗಂಗಿಲ್ಲಲ್ಲ?”

“ಮೂವತ್ತು ವರ್ಷದ ವೈರ. ಪೈಪಿನ ಸಲುವಾಗಿ ಈಗ ಒಂದು ಮೇಜಿಗೆ ಬಂದಾರ. ತಮ್ಮ ನೆಲದ ಮ್ಯಾಲೆ ಹಾದು ಹೋಗೋದಕ್ಕ ಇಬ್ಬರಿಗೂ ಬಾಡಿಗಿ ಸಿಗ್ತದ. ಉತ್ತರದವರಿಗೆ ಮಾತ್ರ ಹೊಟ್ಟ್ಯಾಗ ಬೆಂಕಿ. ಪೈಪು ಯಾವ ಕಡೆ ಹೋಗ್ತದೋ ಆ ಕಡೆ ದೋಸ್ತಿ ಹೋಗ್ತದ ಮೇಡಂ. ಸೈನ್ಯ, ಸಾಲ, ಓಟು, ಎಲ್ಲಾ ಅದರ ಬೆನ್ನ ಹಿಂದ.”

“ಇದರಾಗ ಧಾರವಾಡದ ಒಬ್ಬ ಮಾಸ್ತರು ಯಾಕ ಬೇಕಾದ್ರು?”

“ಸಾಲ ಕೊಡೋ ಬ್ಯಾಂಕಿನವರು ಒಂದು ಷರತ್ತು ಹಾಕಿದ್ರು. ಇನ್ನ ಮೂವತ್ತು ವರ್ಷ ಪೈಪು ತುಂಬೋವಷ್ಟು ಎಣ್ಣಿ ಅಲ್ಲೆ ಅದ ಅಂತ, ಯಾರ ಪೈಕೀನೂ ಅಲ್ಲದ ಒಬ್ಬ ತಜ್ಞ ಬರದು ಕೊಡಬೇಕು. ಮೂರೂ ದೇಶದವರು ಒಪ್ಪಿದ ಹೆಸರು ಒಂದ. ಯಜ್ಞೇಶ್ವರ ಸರ್ ಸುಳ್ಳು ಹೇಳೂದಿಲ್ಲ ಅಂತ ಎಲ್ಲಾರೂ ನಂಬಿದ್ರು.”

ಪರದೆ ಸ್ವಲ್ಪ ಅಲುಗಿತು.

“ಸರ್ ಏನಂದ್ರು?”

ರೋಹಿತನ ಕಣ್ಣು ಟೀಪಾಯಿಯ ಮೇಲಿನ ಕಲ್ಲಿನ ಮೇಲೆ ಬಿತ್ತು. ಮೂಲೆಯಲ್ಲಿ ನಿಂತಿದ್ದ ಫಕೀರೇಶ ಕೆಮ್ಮು ನುಂಗಿಕೊಂಡ.

“ಸರ್ ನನಗೂ ಹೇಳಿದ್ರು,” ಸುಜಾತಾ ತಾನೇ ಮುಂದುವರಿಸಿದಳು. “ಹತ್ತು ವರ್ಷದ ಹಿಂದ ಇಷ್ಟ ಆಳದಾಗ ತಗದ ಕಲ್ಲು ಪೂರಾ ಕರ್ರಗ ಇತ್ತಂತ. ಈಗ ಅರ್ಧಕ್ಕ ನೀರು ಏರೇತಿ. ಬಾವಿ ಹತ್ತು ಕೊಡ ಎತ್ತಿದ್ರ ಏಳು ಕೊಡ ಉಪ್ಪುನೀರು. ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸೂ ಮಂದೀನ್ನ ನೋಡೇನಿ, ಇವರು ಸಾಯೂ ಮುದುಕಗ ಮುಂಜಿವಿ ಮಾಡಾಕ ಹೊಂಟಾರ ಅಂತ ನಕ್ಕಿದ್ರು. ಬಾವಿ ಬತ್ತೇತಿ, ಇವರು ಹಗ್ಗ ಯಾರ ಅಂಗಳದಾಗಿಂದ ಜಗ್ಗೂದು ಅಂತ ಬಡದಾಡತಾರ ಅಂದಿದ್ರು.”

ರೋಹಿತ ಕೈ ಚಾಚಿದ. ಕಲ್ಲನ್ನು ಎತ್ತಿಕೊಂಡ.

ಈಗ ತಿರುಗಿಸುತ್ತಾನೆ, ಈಗ! ಸುಜಾತಾಳ ಕಣ್ಣು ಅವನ ಬೆರಳುಗಳಿಗೆ ಅಂಟಿಕೊಂಡಿತು. ಅವನು ಕಲ್ಲನ್ನು ಅಂಗೈಯಲ್ಲಿ ತೂಗಿದ. ಗೀಟಿನ ಮೇಲೆ ಬೆರಳಾಡಿಸಿದ. ಕಪ್ಪು ತುದಿಯ ಜಿಡ್ಡು ಕೈಗೆ ಹತ್ತಿದ್ದು ನೋಡಿ ಮುಖ ಕಿವಿಚಿ, ಕಲ್ಲನ್ನು ಟೀಪಾಯಿಯ ಮೇಲೆ ಲಟ್ಟಣಿಗೆಯಂತೆ ಅಡ್ಡ ಮಲಗಿಸಿದ. ಅದು ಉರುಳಿ ಅಂಚಿಗೆ ಬಂದಾಗ ಫಕೀರೇಶ ಹಾರಿ ಬಂದು ಹಿಡಿಯದಿದ್ದರೆ ಅವನ ಕಾಲಮೇಲೇ ಬೀಳುತ್ತಿತ್ತು.

ಎಣ್ಣೆಬಾವಿಯ ಹೊಲಬು ಕಂಡ ಯಾವ ಮನುಷ್ಯನೂ ಹಾಗೆ ಮಾಡುವುದಿಲ್ಲ. ನಟನೆಯೇ? ಕೈಗೆ ಅಷ್ಟು ಚೆನ್ನಾಗಿ ನಟಿಸಲು ಬರುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಸುಜಾತಾಳಿಗೆ ಅನಿಸಿತು. ನಾಳೆ ಕಾಶೀಬಾಯಿಯ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು!

“ಈ ಕಲ್ಲು ಅಷ್ಟೆಲ್ಲಾ ಹೇಳ್ತಾವು?” ರೋಹಿತ ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತಿದ್ದ. “ಖರೇ ಹೇಳ್ತೇನಿ, ನನಗ ಗೊತ್ತಿರಲಿಲ್ಲ. ಗೊತ್ತಿದ್ರ, ನಾ ಕೊಲೆಗಾರ ಆಗಿದ್ರ, ಇವನ್ನ ಇಲ್ಲೇ ಬಿಟ್ಟು ಹೋಗ್ತಿದ್ದೆನೇನ್ರಿ? ಮೊದಲ ಇವನ್ನ ಒಯ್ದು ಕೆಲಗೇರಿ ಕೆರಿಗೆ ಒಗೀತಿದ್ದೆ.”

ಆ ಮಾತು ಸುಜಾತಾಳಿಗೆ ನಾಟಿತು. ನಿಜ. ಪೈಪಿಗಾಗಿ ಕೊಂದವನು ಪೈಪಿನ ವಿರುದ್ಧದ ಸಾಕ್ಷಿಯನ್ನು ತೊಳೆದು, ಒರೆಸಿ, ಕಿಟಕಿಯಲ್ಲಿ ಅಂದವಾಗಿ ಜೋಡಿಸಿ ಹೋಗುತ್ತಾನೆಯೇ?

“ರೋಹಿತ ಅವರ, ಸರ್ ಸಹಿ ಮಾಡಿದ್ರೋ ಇಲ್ಲೋ? ಸುತ್ತು ಬಳಸಿ ಹೇಳಬ್ಯಾಡ್ರಿ. ಈ ಮನ್ಯಾಗ ಒಬ್ಬರು ನಾಳೆ ಮಂದೀಗೆ ಬಡಸಬೇಕು. ಅವರಿಗೆ ಇದು ಬೇಕಾಗೇತಿ.”

ಅವನು ಪರದೆಯ ಕಡೆ ನೋಡಿದ. ಕಂಪನಿಯ ವಕೀಲ ಕಳಚಿಬಿದ್ದು ಮಾಳಮಡ್ಡಿಯ ಹುಡುಗ ಮಾತಾಡಿದ.

“ನಾ ಅವರ ಜೋಡಿ ಜಗಳ ಆಡೇನ್ರಿ. ಸರ್, ಪೈಪು ಖಾಲಿ ಇದ್ರೂ ಅಡ್ಡಿಯಿಲ್ಲ, ಎರಡು ವೈರಿ ದೇಶದ ನಡುವ ಒಂದು ಪೈಪು ಇದ್ರ ಗುಂಡು ಹಾರಿಸೋ ಮುಂದ ಹತ್ತು ಸಲ ವಿಚಾರ ಮಾಡ್ತಾರ ಅಂದೆ. ಒಂದು ಸುಳ್ಳಿಲೆ ಯುದ್ಧ ನಿಲ್ತದಂದ್ರ ಹೇಳ್ರಿ ಅಂದೆ. ನಾ ಅದನ್ನ ಇವತ್ತೂ ನಂಬತೇನಿ.”

“ಅವರೇನಂದ್ರು?”

“ನಗಲಿಲ್ಲ, ಸಿಟ್ಟಿಗೇಳಲಿಲ್ಲ. ಹತ್ತು ವರ್ಷಕ್ಕ ಪೈಪು ಖಾಲಿ ಆದಾಗ, ಸಾಲ ಮಾತ್ರ ತುಂಬಿ ನಿಂತಿರ್ತದ. ಆ ಸಾಲ ಯಾರು ತೀರಸಬೇಕಂತ ಹೊಸಾ ಯುದ್ಧ ಹತ್ತತದ ತಮ್ಮಾ, ಅದಕ್ಕ ನನ್ನ ಸಹಿ ಬ್ಯಾಡ ಅಂದ್ರು. ಅವರು ಹೋದ ಹಿಂದಿನ ದಿನ ಮುಂಜಾನೆ ಫೋನ್ ಮಾಡಿ ಮತ್ತ ಹೇಳಿದ್ರು. ನಾ ಸಹಿ ಮಾಡೂದಿಲ್ಲ, ಊರಿಗೆ ಹೋಗು ಅಂತ.”

ಪರದೆಯ ಹಿಂದಿನಿಂದ ಒಂದು ದನಿ ಬಂತು. ಅದನ್ನು ಅಳು ಅನ್ನುವ ಹಾಗಿರಲಿಲ್ಲ. ಬಹಳ ದಿನದಿಂದ ಹೊತ್ತ ಹೊರೆಯನ್ನು ನೆಲಕ್ಕಿಳಿಸಿದವರ ದನಿ ಅದು.

ಸುಜಾತಾ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ತನ್ನ ಮಾಸ್ತರು ಸುಳ್ಳು ಬರೆದಿರಲಿಲ್ಲ. ಅವಳಿಗೂ ಅಳು ಬಂತು. ಖಾಕಿ ತೊಟ್ಟವರು ಅಳಬಾರದೆಂದು ಯಾರು ಹೇಳಿದರೋ, ಅವರಿಗೆ ಇಂಥ ಮಾಸ್ತರು ಸಿಕ್ಕಿರಲಿಕ್ಕಿಲ್ಲ.

“ಹಂಗಾದ್ರ ಸಹಿ ಮಾಡಿದ ರಿಪೋರ್ಟು?”

“ಅವರ ಫೋನ್ ಬಂದ ದಿನಾನ ಸಂಜಿಮುಂದ ನನ್ನ ಹೋಟೆಲ್ಲಿಗೆ ಬಂತು. ಸರ್ ಮನಸ್ಸು ಬದಲ ಮಾಡ್ಯಾರಂತ ತಿಳಕೊಂಡೆ. ತಿಳಕೊಳ್ಳಲಿಕ್ಕೆ ನನಗೂ ಮನಸ್ಸಿತ್ತು ಅನ್ರಿ. ಅದು ನನ್ನ ತಪ್ಪು.”

“ಯಾರು ತಂದು ಕೊಟ್ರು?”

ರೋಹಿತ ಎದ್ದು ನಿಂತ.

“ಅದನ್ನ ನಾ ಇಲ್ಲೆ ಹೇಳೂದಿಲ್ಲ.”

“ಹೇಳಬೇಕಾಗತೈತಿ.”

“ಠಾಣೆಗೆ ಕರಸ್ರಿ, ನಾಡದ ಕರಸ್ರಿ, ಬೇಕಾದ್ರ ಒಳಗ ಹಾಕ್ರಿ. ನಾಳಿನ ಕಾರ್ಯ ಮುಗೀಲಿ. ಈ ಮನ್ಯಾಗ ಕೂತು ಆ ಹೆಸರು ನನ್ನ ಬಾಯಿಂದ ಬರೂದಿಲ್ಲ ಮೇಡಂ.” ಕೈ ಮುಗಿದ. ಅವನ ಕಣ್ಣಲ್ಲಿ ಹೆದರಿಕೆ ಇರಲಿಲ್ಲ. ಒಂದು ಬಗೆಯ ಕರುಣೆ ಇತ್ತು. ಅದು ಯಾರ ಮೇಲೆ ಎಂದು ಸುಜಾತಾಳಿಗೆ ಆಗ ಹೊಳೆಯಲಿಲ್ಲ. ವಕೀಲನ ಆಟ ಇದು, ಒಂದು ದಿನ ಗಳಿಸಿಕೊಳ್ಳಲು ನೋಡುತ್ತಿದ್ದಾನೆ ಅಂದುಕೊಂಡಳು. ಎಲ್ಲಿಯೂ ಹೋಗಗೊಡಬೇಡ ಎಂದು ಹೇಳಿ ಫಕೀರೇಶನನ್ನು ಅವನ ಹಿಂದೆಯೇ ಕಳಿಸಿದಳು.

ಕಾಶೀಬಾಯಿ ಪರದೆ ಸರಿಸಿ ಹೊರಗೆ ಬಂದರು. ಮುಖವೆಲ್ಲ ತೊಯ್ದಿತ್ತು.

“ಬರೀಲಿಲ್ಲ ಅವರು,” ಎಂದರು. “ಕೇಳಿದೆಲ್ಲಾ ಸುಜಾತಾ, ಬರೀಲಿಲ್ಲ.”

“ಹೌದ್ರಿ ಕಾಕೂ. ಬರೀಲಿಲ್ಲ.”

“ನಾಳೆ ಎಲ್ಲಾರಿಗೂ ನಾನ ಬಡಸ್ತೇನಿ. ಹೋಳಿಗಿ ಮಾಡಸ್ತೇನಿ, ಅವರಿಗೆ ಸೇರ್ತಿತ್ತು. ಆ ಪೇಪರ್ ಓದಿದ ಮಂದಿ ಎಲ್ಲಾರೂ ಬರ್ಲಿ. ನಾ ತಲಿ ಎತ್ತಿ ಬಡಸ್ತೇನಿ.” ಸೆರಗಿನಿಂದ ಕಣ್ಣೊರೆಸಿಕೊಂಡು, ಅತ್ತ ಮುಖದಲ್ಲೇ ನಕ್ಕರು. ಆ ನಗು ನೋಡಿ ಸುಜಾತಾಳಿಗೆ ಹೊಟ್ಟೆ ತುಂಬಿದಂತಾಯಿತು. ಕೊಲೆಗಾರ ಸಿಗದಿದ್ದರೂ ಇವತ್ತಿನ ದಿನ ಬರಿದಾಗಲಿಲ್ಲ.

ಅಷ್ಟರಲ್ಲಿ ಚಿನ್ಮಯೀ ಬಂದು ಅವ್ವನನ್ನು ತಬ್ಬಿಕೊಂಡಳು. “ನಾ ಹೇಳಿದ್ದಿಲ್ಲೇನವ್ವಾ, ಅಪ್ಪಾ ಅಂಥಾವ ಅಲ್ಲ ಅಂತ?” ಎನ್ನುತ್ತ ತಾನೂ ಅತ್ತಳು. ಅದು ಸುಳ್ಳು ಅಳುವಾಗಿರಲಿಲ್ಲ. ಆಮೇಲೆ ಅವ್ವನನ್ನು ಕುರ್ಚಿಯಲ್ಲಿ ಕೂಡಿಸಿ, ರೋಹಿತ ಮುಟ್ಟದೆ ಬಿಟ್ಟ ಚಹದ ಕಪ್ಪು ತೆಗೆದಳು. ಟೀಪಾಯಿ ಒರೆಸಿದಳು.

ಫಕೀರೇಶ ಅಡ್ಡ ಮಲಗಿಸಿ ಹೋದ ಕಲ್ಲು ಅಲ್ಲೇ ಇತ್ತು.

“ಎಲ್ಲಾ ಒಯ್ದು ಇದೊಂದು ಬಿಟ್ಟ್ರೇನಕ್ಕಾ? ಇರ್ಲಿ, ಅಪ್ಪನ ನೆನಪಿಗೆ ಒಂದ ಇರ್ಲಿ,” ಎಂದು ಚಿನ್ಮಯೀ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಸೆರಗಿನ ಚುಂಗಿನಿಂದ ಒರೆಸುತ್ತ ಕಿಟಕಿಯ ಕಡೆ ನಡೆದಳು.

“ನಾಳೆ ಹೋಳಿಗಿಗೆ ಬ್ಯಾಳಿ ಎಷ್ಟು ನೆನಿ ಹಾಕಬೇಕವ್ವಾ?” ಮುಖ ತಿರುಗಿಸಿ ಅವ್ವನನ್ನು ಕೇಳುತ್ತಲೇ, ಕಲ್ಲನ್ನು ಕಟ್ಟೆಯ ಮೇಲೆ ನಿಲ್ಲಿಸಿದಳು. ಅದರ ಕಡೆ ನೋಡಲೂ ಇಲ್ಲ. ಕಪ್ಪು ತುದಿ ಮೇಲೆ. ಬೆರಳು ಮೈಮೇಲಿನ ಗೀಟು ಹುಡುಕಿಕೊಂಡವು. ಕಲ್ಲು ಚೂರು ಎಡಕ್ಕೆ, ಮತ್ತೆ ಚೂರು ಬಲಕ್ಕೆ ತಿರುಗಿ ನಿಂತಿತು.

ಕಪ್ಪು ಗೀಟು ಎಡಕ್ಕೆ. ಕೆಂಪು ಗೀಟು ಬಲಕ್ಕೆ.

ಸುಜಾತಾ ಕೂತಲ್ಲಿಯೇ ಕಲ್ಲಾದಳು. ಆ ಕಲ್ಲನ್ನು ಈ ಮನೆಯಲ್ಲಷ್ಟೇ ಕಂಡ ಕೈ ಅದನ್ನು ಹಾಗೆ ಇಡಲಾರದು. ಈ ಮನೆಯ ರೀತಿ ಅವ್ವನ ರೀತಿ, ಬಿಳಿ ಮೇಲೆ, ಗೀಟು ಸರಳಿನ ಕಡೆ. ಅಪ್ಪ ಮನೆಯಲ್ಲಿ ಅದನ್ನು ಒಮ್ಮೆಯೂ ತಿದ್ದಿರಲಿಲ್ಲ. ಈ ಕೈ ಬೇರೆಲ್ಲೋ ಕಲಿತ ಕೈ. ಮಾರನೆಯ ದಿನ ಬಂದೆನೆಂದವಳು ಅವತ್ತೇ ಇಲ್ಲಿದ್ದಳು. ರಿಪೋರ್ಟು ತಂದುಕೊಟ್ಟವರ ಹೆಸರು ಯಾವುದೆಂದೂ, ರೋಹಿತನ ಕಣ್ಣಿನ ಕರುಣೆ ಈ ತಾಯಿಯ ಮೇಲಿತ್ತೆಂದೂ ಈಗ ಗೊತ್ತಾಯಿತು.

ಅವಳು ಮೆಲ್ಲಗೆ ಕಾಶೀಬಾಯಿಯ ಕಡೆ ತಿರುಗಿದಳು. ಅವರು ನೋಡದಿರಲಿ ಎಂದು ಬೇಡಿಕೊಂಡಳು.

ಕಾಶೀಬಾಯಿ ನೋಡಿದ್ದರು. ಮುಖದ ಮೇಲಿನ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವರಂತೆ ಅವರು ಕಲ್ಲನ್ನೂ ಮಗಳನ್ನೂ ನೋಡಿದರು.

“ಚಿನ್ಮಯೀ,” ಎಂದರು. ಬೇಳೆಯ ಅಳತೆ ಹೇಳುವಷ್ಟೇ ಮೆತ್ತಗೆ. “ಹಂಗ ಇಡೂದು ನಿನಗ ಯಾರು ಕಲಿಸಿದ್ರು?”

ಚಿನ್ಮಯೀಯ ಕೈ ಕಲ್ಲಿನ ಮೇಲೆಯೇ ಇತ್ತು. ಅವಳು ಈಗ ಮೊದಲ ಸಲ ಅದರ ಕಡೆ ನೋಡಿದಳು. ಅವ್ವನನ್ನು, ಸುಜಾತಾಳನ್ನು ನೋಡಿದಳು. ಆಮೇಲೆ ನಿಧಾನವಾಗಿ ಕಲ್ಲನ್ನು ಎತ್ತಿ, ಬಿಳಿಯ ತುದಿ ಮೇಲೆ ಬರುವಂತೆ, ಗೀಟು ಸರಳಿಗೆ ಮುಖ ಮಾಡುವಂತೆ, ಅವ್ವನ ರೀತಿಯಲ್ಲಿ ತಿರುಗಿಸಿ ಇಟ್ಟಳು.

“ಕಲ್ಲು ತೊಳದಾಕಿ ನಾನವ್ವಾ,” ಎಂದಳು. “ಹೊಡದಾಕಿ ನಾ ಅಲ್ಲ.”